ಒಲೆಯ ಉಳಿತಾಯವೂ ಉಸಿರಿನ ಲೆಕ್ಕವೂ

ಹನಿಗೂಡಿದರೆ ಹಳ್ಳ ಎಂಬ ಗಾದೆ ಒಲೆಯ ಮಟ್ಟಿಗೂ ನಿಜ. ದಿನಕ್ಕೆ ೫ ಕಿಲೋ ಸೌದೆ ಸುಡುವ ಮನೆಯು ವರ್ಷಕ್ಕೆ ೧೮ ಕ್ವಿಂಟಲಿಗೂ ಹೆಚ್ಚು ಸೌದೆಯನ್ನು ಬೂದಿ ಮಾಡುತ್ತದೆ. ಅದರಲ್ಲಿ ಮೂರರಲ್ಲೊಂದು ಪಾಲು ಉಳಿದರೆ ೬ ಕ್ವಿಂಟಲ್ ಉಳಿದಂತಾಯಿತು. ಕೊಳ್ಳುವವರಿಗೆ ಅಷ್ಟು ಹಣ ಉಳಿಯಿತು. ಆಯ್ದು ತರುವ ತಾಯಂದಿರಿಗೆ ಅಷ್ಟು ಹೊರೆ ಇಳಿಯಿತು. ಕಾಸರಗೋಡಿನ ಕಡೆ ತೆಂಗಿನ ಮಡಲು, ಸಿಪ್ಪೆ, ಗೆರಟೆ. ಅಕ್ಕಲಕೋಟೆ, ಜತ್ತದ ಕಡೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಹೊಸೂರು, ತಾಳವಾಡಿಯ ಕಡೆ ಬೆರಣಿ, ಹಿಪ್ಪುನೇರಳೆ ಕಡ್ಡಿ. ಸುಡುವ ಸರಕು ಬೇರೆಯಾದರೂ ಲೆಕ್ಕ ಒಂದೇ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಬದಿ ಉಂಟು. ಶಾಖವನ್ನು ಉಳಿಸಲೆಂದು ನಾವು ಮಾಡುವ ಕೆಲಸಗಳಲ್ಲಿ ಬಹಳಷ್ಟು ಮುಚ್ಚುವ ಕೆಲಸಗಳೇ: ಒಲೆಯ ಬಾಯಿ ಮುಚ್ಚುವುದು, ಪಾತ್ರೆ ಮುಚ್ಚುವುದು, ಕಿಟಕಿ ಮುಚ್ಚುವುದು, ಮಾಡಿನ ಸಂದು ಮುಚ್ಚುವುದು. ಮುಚ್ಚಿದಾಗ ಒಳಗೆ ಉಳಿಯುವುದು ಶಾಖ ಒಂದೇ ಅಲ್ಲ. ಹೊಗೆಯೂ ವಿಷವಾಯುವೂ ಉಳಿಯುತ್ತವೆ. ಹೀಗಾಗಿ ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು ಎಂಬ ವಿವೇಕವಿಲ್ಲದ ಉಳಿತಾಯವು ಮೂಗಿಗಿಂತ ಮೂಗುತಿ ಭಾರ ಎಂಬಂತಾದೀತು.

ಸೌದೆ ಪೋಲಾಗುವುದು ಹೇಗೆ?

ಮೂರು ಕಲ್ಲಿನ ತೆರೆದ ಒಲೆಯಲ್ಲಿ ಸೌದೆಯ ಶಾಖದ ೧೦೦ ಪಾಲಿನಲ್ಲಿ ಸುಮಾರು ೧೦ರಿಂದ ೧೫ ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ. ಉಳಿದದ್ದು ಗಾಳಿಗೆ, ಕಲ್ಲಿಗೆ, ನೆಲಕ್ಕೆ ಹೋಗುತ್ತದೆ. ಹಸಿ ಸೌದೆಯಾದರೆ ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಶಕ್ತಿಯ ಒಂದು ಪಾಲು ಕಳೆದುಹೋಗುತ್ತದೆ.

ಇನ್ನೊಂದು ವಿಷಯವನ್ನು ತಿಳಿಯಬೇಕು. ಸೌದೆಗೆ ಬಿಸಿ ತಗುಲಿದಾಗ ಮೊದಲು ಅದರಿಂದ ಉರಿಯುವ ಅನಿಲಗಳು ಹೊರಡುತ್ತವೆ. ಸಾಕಷ್ಟು ಗಾಳಿಯೂ ಶಾಖವೂ ಸಿಕ್ಕಿದರೆ ಅವು ಹೊತ್ತಿ ಜ್ವಾಲೆಯಾಗುತ್ತವೆ. ಸಿಗದಿದ್ದರೆ ಹೊಗೆಯಾಗಿ ಹೋಗುತ್ತವೆ. ಹೊಗೆಯೆಂದರೆ ಉರಿಯದೆ ಹೋದ ಸೌದೆಯೇ. ಕಣ್ಣಲ್ಲಿ ನೀರು ತರಿಸುವುದೂ ಅದೇ, ಸೌದೆಯ ರಾಶಿಯನ್ನು ಕರಗಿಸುವುದೂ ಅದೇ. ಆದುದರಿಂದ ಚೆನ್ನಾಗಿ ಉರಿಯುವ ಒಲೆಯಲ್ಲಿ ಉಳಿತಾಯವೂ ಆರೋಗ್ಯವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಗಾಳಿ ಕಟ್ಟಿ ಸೌದೆಯನ್ನು ಕುಮುಲಿಸಿ ‘ನಿಧಾನವಾಗಿ ಉರಿಯುತ್ತದೆ, ಉಳಿಯುತ್ತದೆ’ ಎಂದುಕೊಳ್ಳುವಲ್ಲಿ ಮಾತ್ರ ಎರಡೂ ಕೆಡುತ್ತವೆ.

ಅಪಾಯವಿಲ್ಲದ ಉಳಿತಾಯ

ಮೊದಲು ನಿಶ್ಚಿಂತೆಯಿಂದ ಮಾಡಬಹುದಾದುವನ್ನು ಹೇಳೋಣ. ಸೌದೆಯನ್ನು ಸೀಳಿ, ಮಳೆಗಾಲಕ್ಕೆ ಮುಂಚೆಯೇ ಒಣಗಿಸಿ, ಸೂರಿನಡಿ ನೆಲದಿಂದ ಎತ್ತರಿಸಿ ಒಟ್ಟಬೇಕು. ಬೇಳೆ, ಹುರುಳಿ, ಕಡಲೆಗಳನ್ನು ರಾತ್ರಿಯೇ ನೆನೆ ಹಾಕಬೇಕು. ಪಾತ್ರೆಗೆ ಮುಚ್ಚಳವಿರಬೇಕು. ನೀರು ಒಮ್ಮೆ ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಬೇಕು. ಎಷ್ಟೇ ಉರಿ ಹಾಕಿದರೂ ಕುದಿಯುವ ನೀರು ಇನ್ನಷ್ಟು ಬಿಸಿಯಾಗದು, ಆವಿಯಾಗಿ ಹೋಗುವುದಷ್ಟೆ. ಅಡಿಗೆ ಮುಗಿದೊಡನೆ ಕೊಳ್ಳಿಗಳನ್ನು ಹೊರಗೆಳೆದು ಆರಿಸಬೇಕು.

ದೀಪದ ಮಾತೂ ಇಷ್ಟೇ ಸರಳ. ೬೦ ವಾಟಿನ ಹಳೆಯ ಬಲ್ಬು ದಿನಕ್ಕೆ ೫ ಗಂಟೆ ಉರಿದರೆ ತಿಂಗಳಿಗೆ ೯ ಯೂನಿಟ್ಟು. ಅಷ್ಟೇ ಬೆಳಕು ಕೊಡುವ ೯ ವಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಕಾಗದು. ಇವೆರಡರ ನಡುವೆ ಬಂದ ಸುರುಳಿ ಆಕಾರದ ಸಿಎಫ್‌ಎಲ್ ಬಲ್ಬುಗಳೊಳಗೆ ಅತ್ಯಲ್ಪ ಪ್ರಮಾಣದ ಪಾದರಸ ಉಂಟು. ಅಂಥದು ಒಡೆದರೆ ಮಕ್ಕಳನ್ನು ಹೊರಗೆ ಕಳುಹಿ, ಕಿಟಕಿ ತೆರೆದು, ಚೂರುಗಳನ್ನು ಬರಿಗೈಯಲ್ಲಿ ಮುಟ್ಟದೆ ದಪ್ಪ ಕಾಗದದಿಂದ ಬಳಿದು ತೆಗೆಯಬೇಕು. ಗೊಬ್ಬರದ ಗುಂಡಿಗೆ ಹಾಕಕೂಡದು.

ಅಗ್ಗಿಷ್ಟಿಕೆ: ಹೊಗೆಯಿಲ್ಲದ ವಿಷ

ಇನ್ನು ಅಪಾಯದ ಕಡೆಗೆ ಬರೋಣ. ಇದ್ದಿಲನ್ನು ಮಾಡುವಾಗಲೇ ಅದರ ಹೊಗೆ ಹೋಗಿರುತ್ತದೆ. ಆದುದರಿಂದ ಇದ್ದಿಲ ಅಗ್ಗಿಷ್ಟಿಕೆ, ಅಂದರೆ ಉತ್ತರದ ಕಡೆಯವರ ಶೇಗಡಿ, ಉರಿಯುವಾಗ ಹೊಗೆ ಕಾಣದು. ಕೆಂಡ ಕೆಂಪಗೆ ಹೊಳೆಯುವುದು, ಕೋಣೆ ಹಿತವಾಗಿ ಬೆಚ್ಚಗಾಗುವುದು. ನೀಲಗಿರಿಯ ಮಂಜು ಹೆಪ್ಪುಗಟ್ಟುವ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇದಕ್ಕಿಂತ ಅಗ್ಗದ ಸುಖವಿಲ್ಲವೆಂದೇ ತೋರುವುದು. ಅಡಿಗೆ ಮುಗಿದ ಒಲೆಯ ಕೆಂಡವನ್ನು ಹಾಳು ಮಾಡದೆ ಮಲಗುವ ಕೋಣೆಗೆ ತರುವುದು ಜಾಣತನದ ಉಳಿತಾಯವೆಂದೂ ಅನ್ನಿಸುವುದು.

ಆದರೆ ಕೆಂಡವು ಗಾಳಿ ಸಾಲದೆ ಉರಿಯುವಾಗ ಇಂಗಾಲದ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಕೆಂಪು ಪದಾರ್ಥವು ಈ ಅನಿಲವನ್ನು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಬೇಗ ಬಿಡದು. ಉಸಿರು ಆಡುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪದು. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಓಕರಿಕೆ, ಮಂಪರು. ಮಲಗಿ ನಿದ್ರಿಸುವವರಿಗೆ ಈ ಎಚ್ಚರಿಕೆಯೂ ಸಿಗದು. ಹೊಗೆಯಾದರೂ ಮನುಷ್ಯನನ್ನು ಎಬ್ಬಿಸಿ ಓಡಿಸಬಹುದು. ಹೊಗೆಯಿಲ್ಲದ ಕೆಂಡ ಎಬ್ಬಿಸುವುದಿಲ್ಲ. ಚಳಿನಾಡುಗಳಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸಂಗತಿಗಳು ಉಂಟು.

ಆದುದರಿಂದ ಉರಿಯುವ ಇದ್ದಿಲು ಮಲಗುವ ಕೋಣೆಯಲ್ಲಿ ಇರಲೇಕೂಡದು. ಮೈ ಕಾಯಿಸಿಕೊಳ್ಳಬೇಕಾದರೆ ಬಾಗಿಲು ಕಿಟಕಿ ತೆರೆದ ಕಡೆ, ಎಚ್ಚರವಾಗಿರುವಾಗ ಕಾಯಿಸಿಕೊಂಡು, ಮಲಗುವ ಮುಂಚೆ ಅಗ್ಗಿಷ್ಟಿಕೆಯನ್ನು ಹೊರಗಿಡಬೇಕು. ಬೂದಿ ಮುಚ್ಚಿದ ಕೆಂಡವೂ ಕೆಂಡವೇ; ಅದು ಬೆಳಗಿನವರೆಗೂ ವಿಷ ಕಾರಬಲ್ಲದು. ಹಾಸಿಗೆಯೊಳಗೆ ಬಿಸಿನೀರು ತುಂಬಿದ ರಬ್ಬರು ಚೀಲ ಇಟ್ಟುಕೊಳ್ಳುವುದೂ ಒಂದು ಕಂಬಳಿ ಹೆಚ್ಚು ಹೊದೆಯುವುದೂ ಇದಕ್ಕಿಂತ ಮೇಲು.

ಯಾರಾದರೂ ಹೀಗೆ ಮಂಕಾಗಿ ಬಿದ್ದುದು ಕಂಡರೆ ಮೊದಲು ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಹೊರಗಿನ ಗಾಳಿಗೆ ಎಳೆದು ತರಬೇಕು. ನೀರು ಕುಡಿಸುತ್ತ, ಮಜ್ಜಿಗೆ ಹುಡುಕುತ್ತ ಕಾಲ ಕಳೆಯಬಾರದು. ೧೦೮ಕ್ಕೆ ಕರೆ ಮಾಡಬೇಕು. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗೋವಾಗಳಲ್ಲೂ ಆಂಬುಲೆನ್ಸಿಗೆ ಇದೇ ಸಂಖ್ಯೆ. ವೈದ್ಯರಿಗೆ ‘ಕೆಂಡದ ಕೋಣೆಯಲ್ಲಿ ಮಲಗಿದ್ದರು’ ಎಂಬುದನ್ನು ಮರೆಯದೆ ಹೇಳಬೇಕು. ಇದಕ್ಕೆ ಚಿಕಿತ್ಸೆ ಆಮ್ಲಜನಕ.

ಹೊಗೆಗೂಡಿನ ಒಲೆ

ಉಳಿತಾಯದ ಒಲೆಗಳ ಚರಿತ್ರೆ ನಮ್ಮ ನೆರೆಹೊರೆಯದೇ. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಡಾ. ಎಸ್. ಪಿ. ರಾಜು ಅವರು ೧೯೫೦ರ ದಶಕದ ಆದಿಯಲ್ಲೇ ಹೊಗೆಯಿಲ್ಲದ ಮಣ್ಣಿನ ಒಲೆಯನ್ನು ಪ್ರಚಾರಕ್ಕೆ ತಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ೧೯೮೦ರ ದಶಕದಲ್ಲಿ ಅಸ್ತ್ರ ಒಲೆಯನ್ನು ಕೊಟ್ಟಿತು. ಒಂದರ ಹಿಂದೊಂದು ಮೂರು ಪಾತ್ರೆ ಕೂರುವ, ಹೊಗೆಗೂಡಿರುವ ಈ ಒಲೆಯು ಪ್ರಯೋಗಶಾಲೆಯಲ್ಲಿ ಸೌದೆಯ ಶಾಖದ ೧೦೦ರಲ್ಲಿ ೪೦ ಪಾಲಿನಷ್ಟನ್ನು ಪಾತ್ರೆಗೆ ಮುಟ್ಟಿಸಿತು. ೧೯೮೩ರಿಂದ ೨೦೦೨ರವರೆಗೆ ಕೇಂದ್ರ ಸರಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿ ಕೋಟಿಗಟ್ಟಲೆ ಒಲೆ ಹಂಚಿತು.

ಆದರೆ ಒಲೆ ಹಾಕಿಸಿದ ಮಾತ್ರಕ್ಕೆ ಲಾಭ ಬಾರದು. ಒಡಿಶಾದ ಹಳ್ಳಿಗಳಲ್ಲಿ ಇಂಥ ಒಲೆಗಳನ್ನು ಕೊಟ್ಟು ನಾಲ್ಕು ವರ್ಷಗಳವರೆಗೆ ಗಮನಿಸಿದ ಅಧ್ಯಯನವೊಂದು ೨೦೧೨ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಹೊಗೆ ಕುಡಿಯುವುದು ಕಡಿಮೆಯಾಯಿತು, ಆಮೇಲೆ ಒಡೆದ ಒಲೆ ರಿಪೇರಿಯಾಗದೆ, ಕೊಳವೆ ಶುದ್ಧವಾಗದೆ, ಬಳಕೆಯೂ ಇಳಿದು ಆ ಲಾಭ ಉಳಿಯಲಿಲ್ಲ, ಸೌದೆಯೂ ಉಳಿಯಲಿಲ್ಲ. ಮಸಿ ಕಟ್ಟಿದ ಕೊಳವೆಯ ಒಲೆಯು ತೆರೆದ ಒಲೆಗಿಂತ ಹೆಚ್ಚು ಹೊಗೆಯನ್ನು ಮನೆಯೊಳಗೆ ಕಾರಬಲ್ಲದು. ಹೊಗೆಗೂಡಿನ ಕೊಳವೆಯನ್ನು ತಪ್ಪದೆ ಮಸಿ ತೆಗೆಯಬೇಕು. ಅದು ಮಾಡಿನ ಏಣಿಗಿಂತ ಎತ್ತರಕ್ಕೆ ಹೋಗಿರಬೇಕು. ಹುಲ್ಲು, ಗರಿಗಳಿಗೆ ತಾಗಕೂಡದು. ಬಾಯಿ ಬಿರುಕು ಬಿಟ್ಟರೆ ಅಂದೇ ಸಗಣಿಮಣ್ಣು ಮೆತ್ತಬೇಕು.

ಹಳೆಯ ಮಾಳಿಗೆ ಮನೆಗಳಲ್ಲಿ ಅಡಿಗೆಮನೆಯ ನೆತ್ತಿಗೆ ಬೆಳಕಿಂಡಿ ಇರುತ್ತಿತ್ತು. ಸೊಲ್ಲಾಪುರ, ಆದವಾನಿ, ರಾಯದುರ್ಗಗಳ ಹಿರಿಯರು ಅದನ್ನು ಬಲ್ಲರು. ಅದು ಬೆಳಕಿಗೆಂದು ಹೆಸರಾದರೂ ಹೊಗೆಗೂ ದಾರಿ. ಈಗ ಸಿಮೆಂಟಿನ ತಾರಸಿ ಹಾಕುವಾಗ ಆ ಕಿಂಡಿ ಮಾಯವಾಗುತ್ತದೆ, ಒಲೆ ಮಾತ್ರ ಅಲ್ಲೇ ಉಳಿಯುತ್ತದೆ. ಮನೆ ಹೊಸದಾಗಿ ಕಟ್ಟುವವರು ಮೇಸ್ತ್ರಿಗೆ ಈ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಇದರ ಹೆಚ್ಚಿನ ಭಾರ ಬೀಳುವುದು ಒಲೆಯ ಮುಂದೆ ಕೂರುವ ಹೆಂಗಸರ ಮೇಲೆ, ಅವರ ಮಡಿಲ ಮಕ್ಕಳ ಮೇಲೆ.

ಹೊಗೆ ಹೋದರೆ ಅಟ್ಟದ ಗತಿಯೇನು?

ಹೊಗೆಯಿಂದ ಉಪಕಾರವೂ ಇತ್ತೆಂಬುದನ್ನು ರೈತರು ಮರೆಯಲಾರರು. ಒಲೆಯ ಮೇಲಣ ಅಟ್ಟದಲ್ಲಿ ತೂಗಿದ ಬಿತ್ತನೆಯ ತೆನೆಗೆ ಹುಳು ಹತ್ತುತ್ತಿರಲಿಲ್ಲ. ಬಿದಿರ ಗಳು, ಹುಲ್ಲಿನ ಮಾಡು, ಬುಟ್ಟಿ ಮೊರಗಳು ಮಸಿ ಹಿಡಿದು ಬಾಳಿಕೆ ಬರುತ್ತಿದ್ದವು. ಮಳೆನಾಡಿನ ಮನೆಯಲ್ಲಿ ತೇವವೂ ಆರುತ್ತಿತ್ತು. ಹೊಗೆ ಹೊರಗೆ ಹೋಗುವ ಒಲೆ ಬಂದ ಮೇಲೆ ಈ ಕಾವಲು ಹೋಗುತ್ತದೆ. ಇದನ್ನು ಯಾರೂ ಮೊದಲೇ ಹೇಳದ ಕಾರಣ ಕೆಲವರು ‘ಹೊಸ ಒಲೆ ಬಂದು ಬೀಜ ಕೆಟ್ಟಿತು’ ಎಂದು ಒಲೆಯನ್ನೇ ಕಿತ್ತು ಹಾಕುವುದುಂಟು.

ಪರಿಹಾರ ಕಷ್ಟವಲ್ಲ. ಬೀಜವನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ, ಗಾಳಿಯಾಡದ ಡಬ್ಬಿಯಲ್ಲಿ ಒಣ ಬೂದಿ ಅಥವಾ ಬೇವಿನ ಎಲೆಯೊಡನೆ ಇಡಬೇಕು. ಹುಲ್ಲುಮಾಡನ್ನು ವರ್ಷವರ್ಷವೂ ನೋಡಿ ಗೆದ್ದಲಿನ ದಾರಿಗಳನ್ನು ಕೆಡವಬೇಕು. ಬೀಜಕ್ಕೆ ಬೇಕಾದ ಹೊಗೆಯನ್ನು ಮಗುವಿನ ಎದೆಗೆ ತುಂಬುವ ಅಗತ್ಯವಿಲ್ಲ.

ಗೋಬರ್ ಗ್ಯಾಸು

ದನವುಳ್ಳ ಮನೆಗೆ ಇದಕ್ಕಿಂತ ಉತ್ತಮ ಉಳಿತಾಯ ವಿರಳ. ಕುಳ್ಳು ಸುಟ್ಟರೆ ಸಗಣಿಯ ಸಾರಜನಕ ಗಾಳಿಗೆ ಹೋಯಿತು. ಗ್ಯಾಸು ತೆಗೆದರೆ ಒಲೆಯೂ ಉರಿಯಿತು, ಬಗ್ಗಡದಲ್ಲಿ ಸಾರಜನಕವೂ ಉಳಿದು ಹೊಲ ಸೇರಿತು. ೨ ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು ೫೦ ಕಿಲೋ ಹಸಿ ಸಗಣಿ ಬೇಕು, ಎಂದರೆ ನಾಲ್ಕೈದು ದನಗಳಾದರೂ ಇರಬೇಕು. ಎರಡು ದನ ಕಟ್ಟಿ ದೊಡ್ಡ ಗುಂಡಿ ತೋಡಿದವರಿಗೆ ಲಾಭವಿಲ್ಲ.

ಇದರ ಅಪಾಯವೆಲ್ಲ ಗುಂಡಿಯೊಳಗೆ. ಸ್ವಚ್ಛ ಮಾಡಲೆಂದು ಗುಂಡಿಗೆ ಇಳಿಯುವುದು ಪ್ರಾಣಕ್ಕೆ ಮುಳುವು. ಒಳಗೆ ಆಮ್ಲಜನಕ ಇರದು; ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ಇರುವುದು, ಅದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದು ವಾಸನೆ ಇಲ್ಲವೆನಿಸುವುದು. ಇಳಿದವನು ಬಿದ್ದನೆಂದು ಅಣ್ಣ, ಅವನು ಬಿದ್ದನೆಂದು ಮಗ, ಹೀಗೆ ಒಬ್ಬರ ಹಿಂದೊಬ್ಬರು ಇಳಿದು ಮನೆಯೇ ಬರಿದಾಗುವುದುಂಟು. ತಿಳಿದವರೂ ಸಲಕರಣೆಯೂ ಇಲ್ಲದೆ ಯಾರೂ ಇಳಿಯಕೂಡದು. ಕೊಳವೆಯ ಸೋರಿಕೆಯನ್ನು ಸಾಬೂನಿನ ನೊರೆಯಿಂದ ಹುಡುಕಬೇಕೇ ಹೊರತು ಬೆಂಕಿಕಡ್ಡಿ ಗೀರಿ ಅಲ್ಲ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುವುದು; ಅದು ಸೋರಿದಾಗ ದೀಪದ ಗುಂಡಿಯನ್ನೂ ಒತ್ತದೆ ಬಾಗಿಲು ತೆರೆದು, ಹೊರಗೆ ಬಂದು ೧೯೦೬ಕ್ಕೆ ತಿಳಿಸಬೇಕು.

ಬಚ್ಚಲಿನ ಗ್ಯಾಸ್ ಗೀಸರು

ವಿದ್ಯುತ್ತಿನ ಖರ್ಚು ಉಳಿಯುವುದೆಂದು ಪೇಟೆಯ ಮನೆಗಳಲ್ಲಿ, ಈಚೆಗೆ ಹಳ್ಳಿಗಳಲ್ಲೂ, ಗ್ಯಾಸಿನ ಗೀಸರು ಬಂದಿದೆ. ಸಣ್ಣ ಬಚ್ಚಲು, ಚಳಿಗೆ ಮುಚ್ಚಿದ ಕಿಟಕಿ, ಒಳಗೇ ಉರಿಯುವ ಗೀಸರು: ಇದು ಮೇಲೆ ಹೇಳಿದ ಅಗ್ಗಿಷ್ಟಿಕೆಯ ಕೋಣೆಯೇ ಸರಿ, ವೇಷ ಮಾತ್ರ ಬೇರೆ. ಗೀಸರನ್ನು ಬಚ್ಚಲಿನ ಹೊರಗೋಡೆಗೆ ಹಾಕಿಸಿ ಕೊಳವೆಯಿಂದ ನೀರು ತರಿಸಬೇಕು. ಈಗಾಗಲೇ ಒಳಗಿದ್ದರೆ ಬಕೆಟ್ಟಿಗೆ ನೀರು ಹಿಡಿದು, ಗೀಸರು ಆರಿಸಿ, ಬಾಗಿಲು ತೆರೆದು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಬೇಕು.

ಗಡಿಯಾಚೆಯ ನಮ್ಮ ಮನೆಗಳಿಗೆ ಇಲ್ಲೊಂದು ವಿಶೇಷ ತೊಡಕು. ಪೆಟ್ಟಿಗೆಯಲ್ಲಿ ಬರುವ ಎಚ್ಚರಿಕೆಯ ಕಾಗದ ಇಂಗ್ಲಿಷಿನಲ್ಲಿಯೋ ಆಯಾ ರಾಜ್ಯದ ಭಾಷೆಯಲ್ಲಿಯೋ ಇರುವುದು. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ಅದನ್ನು ಮಡಿಸಿ ದೇವರ ಗೂಡಿನಲ್ಲಿಟ್ಟರೆ ಪ್ರಯೋಜನವಿಲ್ಲ. ಶಾಲೆಗೆ ಹೋಗುವ ಮಕ್ಕಳಿಂದ ಅದನ್ನು ಓದಿಸಿ, ಅರ್ಥ ಕೇಳಿ, ಮುಖ್ಯವಾದ ಎರಡು ಮಾತನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಬೇಕು.

ತಗಡಿನ ಮಾಡು

ಸೊಲ್ಲಾಪುರದ ಸೀಮೆಯಲ್ಲೂ ತೆಲಂಗಾಣದ ಪಶ್ಚಿಮದಲ್ಲೂ ಚಳಿಗಿಂತ ಬೇಸಗೆಯೇ ಶತ್ರು. ತಗಡಿನ ಅಥವಾ ತಾರಸಿಯ ಮಾಡಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲು ಹಿಂದಿರುಗಿ ಒಳಗಿನ ಸೆಕೆ ತಗ್ಗುತ್ತದೆ, ಫ್ಯಾನಿನ ಖರ್ಚೂ ಇಳಿಯುತ್ತದೆ. ತೆಲಂಗಾಣ ಸರಕಾರವು ೨೦೨೩ರಲ್ಲಿ ತಂಪು ಮಾಡುಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಸುಣ್ಣ ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಬೇಕು. ಸಿಡಿದರೆ ತಡಮಾಡದೆ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಟ್ಟರೆ ಅದು ಮುರಿದು ಕೆಳಗೆ ಬೀಳುವ ಭಯ ಉಂಟು. ಹಲಗೆ ಹಾಸಿಕೊಂಡೇ ನಡೆಯಬೇಕು. ಕಲ್ನಾರಿನ ಹಳೆಯ ಶೀಟುಗಳನ್ನು ಉಜ್ಜಿ, ಕೊರೆದು ಧೂಳೆಬ್ಬಿಸಬಾರದು, ಆ ಧೂಳು ಶ್ವಾಸಕೋಶಕ್ಕೆ ಹಾನಿ.

ತಗಡಿನ ಕೆಳಗೆ ಥರ್ಮಾಕೋಲ್ ಹೊಡೆಸುವ ವಾಡಿಕೆಯೂ ಬೆಳೆಯುತ್ತಿದೆ. ಅದು ಸೆಕೆ ತಡೆಯುವುದು ನಿಜ. ಆದರೆ ಬೆಂಕಿ ತಗುಲಿದರೆ ಕರಗಿ ಉರಿದು ಕಪ್ಪು ವಿಷಹೊಗೆ ಸುರಿಸುತ್ತದೆ. ಒಲೆಯಿರುವ ಕೋಣೆಗೂ ತಂತಿ ಸಡಿಲವಾಗಿರುವ ಮನೆಗೂ ಅದು ಸಲ್ಲದು. ಬಿದಿರ ತಟ್ಟಿಯನ್ನು ಮಾಡಿನ ಮೇಲೆ ಸ್ವಲ್ಪ ಎತ್ತರಿಸಿ ಹಾಸಿ ನೆರಳು ಮಾಡುವುದು, ಅಂಗಳದ ಪಡುವಣಕ್ಕೆ ಬೇವು ನೆಡುವುದು ಇದಕ್ಕಿಂತ ಕ್ಷೇಮ.

ಬಿಸಿ ಪೆಟ್ಟಿಗೆ

ಅನ್ನವನ್ನೋ ಬೇಳೆಯನ್ನೋ ಕುದಿಸಿ, ಪಾತ್ರೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಉಳಿದ ಶಾಖದಲ್ಲೇ ಬೇಯುವುದು. ಸೌದೆ ಬಹಳ ಉಳಿಯುವುದು. ಆದರೆ ಅಡಿಗೆ ಉಗುರುಬೆಚ್ಚಗಾದ ಮೇಲೂ ಅದರಲ್ಲೇ ಬಿಟ್ಟರೆ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಬೆಂದೊಡನೆ, ಬಿಸಿಯಿರುವಾಗಲೇ ಉಣ್ಣಬೇಕು. ಬೆಳಿಗ್ಗೆ ಇಟ್ಟದ್ದನ್ನು ರಾತ್ರಿಗೆ ತೆಗೆಯಬಾರದು.

ಕೊನೆಗೊಂದು ಲೆಕ್ಕ

ಯಾರಾದರೂ ಉಳಿತಾಯದ ಹೊಸ ಸಾಧನ ತಂದು ತೋರಿಸಿದಾಗ ನಾವು ಮೂರು ಪ್ರಶ್ನೆ ಕೇಳಬೇಕು. ಒಂದು, ಇದರಲ್ಲಿ ಏನಾದರೂ ಉರಿಯುವುದೇ? ಎರಡು, ಉರಿದದ್ದರ ಗಾಳಿ ಎಲ್ಲಿಂದ ಹೊರಗೆ ಹೋಗುವುದು? ಮೂರು, ಇದನ್ನು ಶುದ್ಧವಾಗಿಡುವವರು, ರಿಪೇರಿ ಮಾಡುವವರು ನಮ್ಮೂರಿನಲ್ಲಿ ಯಾರು? ಮೂರಕ್ಕೂ ನೇರವಾದ ಉತ್ತರ ಸಿಕ್ಕರೆ ಧೈರ್ಯವಾಗಿ ತರಬಹುದು. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ, ಎಷ್ಟೇ ಅಗ್ಗವಾದರೂ ಅದು ಬೇಡ.

ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಸಂಜೆ ಒಲೆ ಹೊತ್ತಿಸಿದಾಗ ಮನೆಯ ಯಜಮಾನರು ಅಡಿಗೆಮನೆಯಲ್ಲಿ ಕಾಲು ಗಂಟೆ ಕುಳಿತು ನೋಡಲಿ. ಹೊಗೆ ಎತ್ತ ಹೋಗುವುದು, ಎಲ್ಲಿ ನಿಲ್ಲುವುದು, ಯಾರ ಮುಖಕ್ಕೆ ಬಡಿಯುವುದು ಎಂದು ಕಂಡುಕೊಳ್ಳಲಿ. ಮರುದಿನ ಎರಡು ಹೆಂಚು ಸರಿಸಿ ಕಿಂಡಿ ಬಿಡುವುದಕ್ಕೂ ಕೊಳವೆಯ ಮಸಿ ಬಡಿಯುವುದಕ್ಕೂ ಕಾಸು ಖರ್ಚಾಗದು. ಶಾಖ ಪಾತ್ರೆಗೆ ಸೇರಲಿ, ಹೊಗೆ ಆಕಾಶಕ್ಕೆ ಹೋಗಲಿ.